ಗಿರಣಿ ಮನೆಗೆ ಬಂದ ಎಂಜಿನ್ನು

ನಮ್ಮೂರಿನಲ್ಲಿ ಹೆಣ್ಣು ನೋಡುವುದಕ್ಕೆ ಅರ್ಧ ದಿನ ಸಾಕು, ಎಂಜಿನ್ನು ನೋಡುವುದಕ್ಕೆ ವರ್ಷ ಬೇಕು. ಹೆಣ್ಣು ಹೇಗೋ ಹೊಂದಿಕೊಳ್ಳುತ್ತದೆ, ಎಂಜಿನ್ನು ಹೊಂದಿಕೊಳ್ಳುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಚದುರಂಗದ ಆಟ ಓದಿ ಹೇಳುವ ಡಬ್ಬಿ ಅದು, ಒಂದು ಮನೆಗೆ ಒಂದೇ. ಚದುರಂಗದ ಮಣೆಯ ಪಕ್ಕ ಒಮ್ಮೆ ಇಟ್ಟರೆ ಮುಗಿಯಿತು, ಗಂಡ ಹೆಂಡತಿ ಇಬ್ಬರೂ ಸತ್ತ ಮೇಲೆಯೇ ಅದು ಬಾಯಿ ಮುಚ್ಚುವುದು. ವಾಪಸ್ ಕೊಡುವ ಹಾಗಿಲ್ಲ, ಬದಲಿಸುವ ಹಾಗಿಲ್ಲ, ಅಟ್ಟಕ್ಕೆ ಹಾಕಿದರೆ ಅಟ್ಟದಿಂದಲೇ ಮಾತಾಡುತ್ತದೆ. ಮಣೆಯಂತೂ ಮದುವೆಯ ದಿನ ಹೆಣ್ಣಿನ ಜೊತೆಗೇ ಬರುತ್ತದೆ. ದಿನಾ ಸಂಜೆ ದೀಪ ಹಚ್ಚುವ ಮೊದಲು ಗಂಡ ಹೆಂಡತಿ ಅದರ ಮೇಲೆ ಒಂದಾಟ ಆಡಲೇಬೇಕು, ಆಡಿದ ಆಟವೆಲ್ಲ ಆ ಮರದೊಳಗೆ ಇಳಿದು ಕೂತಿರುತ್ತದೆ. ಎಂಜಿನ್ನು ಬಂದ ದಿನ ಅದನ್ನೆಲ್ಲ ಮೊದಲಿನಿಂದ ಓದಿ, ಯಾರು ಎಲ್ಲಿ ಎಡವಿದರು ಎಂದು ಹೇಳಿಬಿಡುತ್ತದೆ. ಅದಕ್ಕೇ ಬುದ್ಧಿ ಇದ್ದವರು ಎಂಜಿನ್ನು ತರುವ ಮಾತನ್ನು ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ ಎಂದು ದೂಡುತ್ತ ಬರುತ್ತಾರೆ.

ನನ್ನ ಹೆಸರು ನೀಲವ್ವ. ಹೀಗೆಂದರೆ ಓಣಿಯಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ, ಗಿರಣಿಯಾಕಿ ಎನ್ನಬೇಕು. ಗಂಡನ ಹೆಸರು ಬಾಯಿಂದ ಹೇಳಬಾರದಂತೆ, ಬರೆದರೆ ದೋಷವಿಲ್ಲವಂತೆ, ಹಾಗಾಗಿ ಬರೆಯುತ್ತೇನೆ: ಈರಸಂಗಪ್ಪ. ನಮ್ಮದು ಹಿಟ್ಟಿನ ಗಿರಣಿ. ಅವರು ಕಲ್ಲಿನ ಹತ್ತಿರ ನಿಲ್ಲುತ್ತಾರೆ, ನಾನು ಬಂದವರ ಡಬ್ಬಿಗಳನ್ನು ಜೋಳಕ್ಕೊಂದು ಸಾಲು, ಗೋಧಿಗೊಂದು ಸಾಲು ಮಾಡಿ ಇಡುತ್ತೇನೆ. ತವರಿನಲ್ಲಿ ನನ್ನ ಅಪ್ಪ ಸರೀಕರ ನಡುವೆ ನನ್ನನ್ನು ಕೂರಿಸಿ ಆಡಿಸುತ್ತಿದ್ದ. ಮೈನೆರೆಯುವ ಹೊತ್ತಿಗೆ ನಮ್ಮ ಓಣಿಯಲ್ಲಿ ನನ್ನನ್ನು ಸೋಲಿಸುವ ಗಂಡಸು ಉಳಿದಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಅಥವಾ ಜಂಬಕ್ಕೇ ಹೇಳುತ್ತಿದ್ದೇನೆ, ಈಗ ಉಳಿದಿರುವುದು ಅದೊಂದೇ.

ಮದುವೆಯಾಗಿ ಬಂದ ಹೊಸದರಲ್ಲಿ ಒಂದರ ಹಿಂದೊಂದು ಮೂರಾಟ ಗೆದ್ದೆ. ಮೊದಲನೆಯ ಸಲ ಅವರು ನಕ್ಕರು. ಎರಡನೆಯ ಸಲ ಕಾಯಿಗಳನ್ನು ಒಂದೊಂದಾಗಿ ಜೋಡಿಸಿಟ್ಟು ಎದ್ದರು. ಮೂರನೆಯ ಸಲ ಊಟ ಬೇಡವೆಂದು ಗಿರಣಿಗೆ ಹೋಗಿ ಬಾಗಿಲು ಹಾಕಿಕೊಂಡರು. ಬೈಯಲಿಲ್ಲ, ಕೈ ಎತ್ತಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ನಾಲ್ಕನೆಯದನ್ನೂ ಗೆಲ್ಲುತ್ತಿದ್ದೆ. ಮರುದಿನ ಅತ್ತೆ ನನ್ನನ್ನು ಒಲೆಯ ಹತ್ತಿರ ಕರೆದು, ರೊಟ್ಟಿ ಬಡಿಯುತ್ತಲೇ ಹೇಳಿದರು.

"ಗಂಡಸು ಹೊರಗ ಸೋತ್ರ ಮನೀಗೆ ಬರ್ತಾನ. ಮನ್ಯಾಗ ಸೋತ್ರ ಎಲ್ಲಿಗೆ ಹೋಗಬೇಕವ್ವ?"

ಅವತ್ತಿನಿಂದ ಸೋಲಲು ಕಲಿತೆ. ಸೋಲುವುದು ಸುಲಭ ಎನ್ನುವವರು ಒಮ್ಮೆ ಸೋತು ನೋಡಬೇಕು. ಮಂತ್ರಿಯನ್ನು ಸುಮ್ಮನೆ ಬಾಯಿಗೆ ಕೊಟ್ಟರೆ ಅವರಿಗೆ ಗೊತ್ತಾಗುತ್ತದೆ, ಮತ್ತೆ ಊಟ ಬಿಡುತ್ತಾರೆ. ಹಾಗಲ್ಲ, ಗೆಲ್ಲುವ ನಡೆ ಯಾವುದೆಂದು ಮೊದಲು ಹುಡುಕಬೇಕು, ಆಮೇಲೆ ಅದರ ಪಕ್ಕದ ನಡೆ ನಡೆಸಬೇಕು, ನೋಡಿದವರಿಗೆ ಅದೇ ಸರಿ ಎನ್ನಿಸಬೇಕು. ಎಷ್ಟೋ ಸಂಜೆ ನನ್ನ ಕೈ ಕುದುರೆಯ ಮೇಲೆ ಹೋಗಿ ನಿಲ್ಲುತ್ತಿತ್ತು, ಎತ್ತಿದರೆ ಆಟ ಮುಗಿಯುತ್ತಿತ್ತು. ಒಂದು ಉಸಿರು ತಡೆದು ಕೈಯನ್ನು ಕಾಲಾಳಿನ ಕಡೆಗೆ ಸರಿಸುತ್ತಿದ್ದೆ. ಅವರು ಗೆದ್ದು, ಎರಡು ರೊಟ್ಟಿ ಹೆಚ್ಚಿಗೆ ಉಂಡು ಏಳುತ್ತಿದ್ದರು. ನಾನು ಪಾತ್ರೆ ತೊಳೆಯುತ್ತ, ಇವತ್ತೂ ಗೆಲ್ಲುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ನನ್ನ ಗುಟ್ಟಿನ ಗಂಟು. ಅತ್ತೆ ಹೋದರು, ಮಗಳು ಹುಟ್ಟಿ ಬೆಳೆದು ತನ್ನ ಮಣೆ ಹೊತ್ತುಕೊಂಡು ಗಂಡನ ಮನೆಗೆ ಹೋದಳು, ಗಂಟು ಮಾತ್ರ ಬೆಳೆಯುತ್ತಲೇ ಇತ್ತು.

ಸಂತೆಯ ಬಯಲಿನಲ್ಲಿ ನಮ್ಮೂರ ಕಟ್ಟೆ ಇದೆ. ಅದರ ಮೇಲೆ ಎಂಟು ಜನ ಕೂರುತ್ತಾರೆ, ಹೊರಊರಿನಿಂದ ಆಡಲು ಬಂದವರ ಎದುರು ಊರಿನ ಪರವಾಗಿ ಆಡುವವರು ಅವರೇ. ಕೂತವರಿಗೆ ಸಿಗುವುದು ಏನೂ ಇಲ್ಲ. ಆದರೆ ಕಟ್ಟೆಯ ಮೇಲಿದ್ದವರನ್ನು ಊರೆಲ್ಲ ಹೆಸರು ಹಿಡಿದು ಕರೆಯುತ್ತದೆ. ಮಗಳ ಮದುವೆಯಾದ ಮೇಲೆ ಒಂದು ವರ್ಷ, ಆ ಎಂಟು ಜನರಲ್ಲಿ ಒಬ್ಬರಾದ ಸಂಕವ್ವನವರ ಕಣ್ಣು ಮಂಜಾಗಿ ಕರಿಯ ಒಂಟೆ ಯಾವುದು ಕರಿಯ ಆನೆ ಯಾವುದು ತಿಳಿಯದಂತಾಯಿತು, ಅವರು ತಾವಾಗಿಯೇ ಎದ್ದು ಮನೆಗೆ ಹೋದರು. ಒಂದು ಜಾಗ ತೆರವಾಯಿತು. ಬೇಕೆನ್ನುವವರು ಹೆಸರು ಕೊಡಬೇಕು, ಕಟ್ಟೆಯ ಹಿರಿಯ ಗುರುಬಸಯ್ಯನವರು ಅವರ ಮನೆಗೆ ಬಂದು, ಅವರದೇ ಎಂಜಿನ್ನು ಅವರ ಆಟದ ಬಗ್ಗೆ ಏನು ಹೇಳುತ್ತದೆ ಎಂದು ಕೇಳಿ ಹೋಗಬೇಕು. ಪದ್ಧತಿ ಅದು. ನಮ್ಮ ಮನೆಗೆ ಎಂಜಿನ್ನು ಇನ್ನೂ ಬಂದಿರಲಿಲ್ಲ, ಹೆಸರು ಕೊಟ್ಟರೆ ತರಲೇಬೇಕಿತ್ತು.

ನಮ್ಮವರು ಅವತ್ತೇ ಹೆಸರು ಕೊಟ್ಟು ಬಂದರು. ಮರುದಿನ ನಾನೂ ಕೊಟ್ಟೆ. ಸುದ್ದಿ ಗಿರಣಿಗೆ ನನಗಿಂತ ಮೊದಲೇ ಬಂದಿತ್ತು.

"ನೀನೂ ಕೊಟ್ಟೆಂತಲ್ಲ," ಎಂದರು, ಸಿಟ್ಟಿರಲಿಲ್ಲ, ತಮಾಷೆಯೇ ಇತ್ತು. "ಏನ್ ತೋರಸ್ತಿ ಗುರುಬಸಯ್ಯಗ? ಇರೂದು ಒಂದ ಮಣಿ. ಅದರಾಗ ಇರೂದು ನೀ ನನ್ನ ಕೈಯಾಗ ಸೋತದ್ದು."

"ಅದನ್ನ ತೋರಸ್ತೀನ್ರಿ," ಎಂದೆ.

ಅವರು ನಕ್ಕು, ಗಿರಣಿಯ ಪಟ್ಟಿಯನ್ನು ಚಕ್ರಕ್ಕೆ ಏರಿಸಿ ಕಲ್ಲು ತಿರುಗಿಸಿದರು. ಆ ಸದ್ದಿನಲ್ಲಿ ಮುಂದಿನ ಮಾತು ಯಾರಿಗೂ ಕೇಳುವ ಹಾಗಿರಲಿಲ್ಲ. ಅವರು ನಕ್ಕದ್ದು ನನಗೆ ನಾಟಿತು. ಇಷ್ಟು ವರ್ಷ ಬಿಟ್ಟುಕೊಟ್ಟದ್ದನ್ನು ಬಿಟ್ಟುಕೊಟ್ಟಳು ಎಂದು ಒಬ್ಬರಾದರೂ ಹೇಳಬೇಕು, ಅದೂ ಅವರ ಎದುರಿಗೇ ಹೇಳಬೇಕು ಎಂದು ಹಟ ಹುಟ್ಟಿತು. ನಾನು ಹೇಳಿದರೆ ಯಾರು ನಂಬುತ್ತಾರೆ? ಸೋತವರೆಲ್ಲ ಹೇಳುವುದೇ ಅದನ್ನು. ಎಂಜಿನ್ನೇ ಹೇಳಬೇಕು.

ಎಂಜಿನ್ನಿನ ಅಂಗಡಿ ಇಮಾಂಬಿಯದು. ಮಾರುವವಳಿಗೆ ಇರಬೇಕಾದ ಸವಿಮಾತು ಆಕೆಗೆ ಹುಟ್ಟಿನಿಂದಲೇ ಬಂದಿಲ್ಲ. ಹಿತ್ತಾಳೆಯ ಡಬ್ಬಿಗಳಂಥವು ಹಲಗೆಯ ಮೇಲೆ ಸಾಲಾಗಿ ಕೂತಿದ್ದವು, ಕೆಲವು ಒಳಗೊಳಗೇ ಗೊಣಗುತ್ತಿದ್ದವು. ನಾನು ಒಬ್ಬಳೇ ಹೋಗಿದ್ದೆ.

"ಭಾಳ ಬಲದ್ದು ಬೇಕೇನು?" ಎಂದಳು. "ಬಂದವರೆಲ್ಲ ಅದನ್ನ ಕೇಳ್ತಾರ. ನಿಮ್ಮ ಓಣಿ ಹಾಲವ್ವ ಒಯ್ದಾಳಲ್ಲ, ಕೇಳಿ ನೋಡು."

ಕೇಳುವುದೇನಿದೆ, ಓಣಿಗೆಲ್ಲ ಗೊತ್ತಿತ್ತು. ಹಾಲವ್ವನ ಮನೆಯವರು ಊರಿನಲ್ಲೇ ಬಲವಾದ ಎಂಜಿನ್ನು ತಂದರು. ಅದು ಅವರ ಮೊದಲನೆಯ ನಡೆಯನ್ನೂ ತಪ್ಪು ಎಂದಿತು, ಎರಡನೆಯದನ್ನೂ ತಪ್ಪು ಎಂದಿತು. ಸರಿ ಯಾವುದೆಂದು ಕೇಳಿದರೆ ಹೇಳುತ್ತಿತ್ತು, ಏಕೆ ಸರಿ ಎಂದು ಕೇಳಿದರೆ ಅವರಿಗೆ ತಿಳಿಯುವಂತೆ ಹೇಳಲು ಅದಕ್ಕೆ ಬರುತ್ತಿರಲಿಲ್ಲ. ಈಗ ಅವರ ಮನೆಯಲ್ಲಿ ಸಂಜೆ ಕಾಯಿ ಜೋಡಿಸುತ್ತಾರೆ, ಗಂಡ ಹೆಂಡತಿ ಎದುರುಬದುರು ಕೂರುತ್ತಾರೆ, ಯಾರೂ ಮೊದಲ ನಡೆ ನಡೆಸುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎದ್ದು ಹೋಗುತ್ತಾರೆ.

ಇಮಾಂಬಿ ಒಂದೊಂದನ್ನೇ ತೋರಿಸಿದಳು. ಒಂದು ಎಣಿಕೆಯದು, ಎಷ್ಟು ಗೆದ್ದಿರಿ, ಎಷ್ಟು ಸೋತಿರಿ, ಎಷ್ಟು ತಪ್ಪು ಎಂದಷ್ಟೇ ಹೇಳುತ್ತದೆ. ನಮ್ಮವರು ಮನಸ್ಸು ಮಾಡಿದ್ದು ಅದರ ಮೇಲೆ. ಇನ್ನೊಂದು ಸಮಾಧಾನದ್ದು, ನಿಮ್ಮ ಜಾಗದಲ್ಲಿ ಯಾರಿದ್ದರೂ ಹಾಗೇ ಆಡುತ್ತಿದ್ದರು ಎನ್ನುತ್ತದೆ. ಹೆಚ್ಚಿಗೆ ಹೋಗುವುದು ಅದೇ, ಹೊಸದಾಗಿ ಮದುವೆಯಾದವರಿಗಂತೂ ಅದನ್ನೇ ಕೊಡುವುದಂತೆ. ಕೊನೆಗೆ ಹಲಗೆಯ ಮೂಲೆಯಲ್ಲಿ ಧೂಳು ಹಿಡಿದದ್ದೊಂದಿತ್ತು. ಆಕೆ ಅದನ್ನು ತೋರಿಸಲಿಲ್ಲ, ನಾನೇ ಕೇಳಿದೆ.

"ಅದು ಕೈ ಓದ್ತೈತಿ," ಎಂದಳು. "ನಡೀ ಅಷ್ಟ ಅಲ್ಲ. ಕೈ ಎಲ್ಲಿ ಹೋತು, ಎಲ್ಲಿ ನಿಂತು, ಎಲ್ಲಿಂದ ತಿರುಗಿ ಬಂತು, ಎಲ್ಲಾ. ಯಾವುದು ಕಂಡಿದ್ದಿ, ಯಾವುದು ಕಂಡಿಲ್ಲ ಅನ್ನೂದು ಅದಕ್ಕ ತಿಳೀತೈತಿ. ಮಂದಿ ಒಯ್ಯಂಗಿಲ್ಲ."

"ಯಾಕ?"

"ತಪ್ಪು ಮಾಡೀದಿ ಅಂದ್ರ ಮಂದಿ ತಡಕೋತಾರ. ತಿಳಿದು ಮಾಡೀದಿ, ತಿಳೀದ ಮಾಡೀದಿ ಅಂತ ಬಿಡಿಸಿ ಹೇಳಿದ್ರ ತಡಕೊಳ್ಳಂಗಿಲ್ಲ. ಎಣಿಕೀದು ಒಯ್ಯಿ ತಂಗಿ. ಕೂಡಿ ಬಾಳ್ವೆ ಮಾಡೂ ಮನಿ."

ಇಡೀ ಊರಿನಲ್ಲಿ ನನ್ನ ಪರವಾಗಿ ಸಾಕ್ಷಿ ಹೇಳಬಲ್ಲದ್ದು ಅದೊಂದೇ. ಇಮಾಂಬಿಯ ಬುದ್ಧಿಮಾತನ್ನು ಅಲ್ಲೇ ಬಿಟ್ಟು, ಅದನ್ನು ಎತ್ತಿಡಲು ಹೇಳಿ ಬಂದೆ.

ನಮ್ಮವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವರಿಗೆ ತಮ್ಮ ಕೈಯ ವೇಗದ ಮೇಲೆ ಬಹಳ ಅಭಿಮಾನ. ಅವರು ಯೋಚಿಸುವುದೆಲ್ಲ ನನ್ನ ನಡೆಯ ಹೊತ್ತಿನಲ್ಲಿ, ತಮ್ಮ ನಡೆ ಬಂದಾಗ ಕಾಯಿ ಎತ್ತಿ ಇಟ್ಟುಬಿಡುತ್ತಾರೆ. ಊಟಕ್ಕೆ ಬಡಿಸುತ್ತ ಹೇಳಿದೆ.

"ಎಣಿಕೀದು ಎಲ್ಲಾರ ಮನ್ಯಾಗೂ ಐತ್ರಿ. ಗುರುಬಸಯ್ಯನವರು ಅದನ್ನ ಕೇಳಿ ಕೇಳಿ ಬ್ಯಾಸತ್ತಾರ. ಕೈ ಓದೂದು ತಂದ್ರ, ನಿಮ್ಮ ಕೈ ಎಲ್ಲೂ ನಿಲ್ಲಂಗಿಲ್ಲ ಅಂತ ಅದ ಹೇಳ್ತೈತಿ."

"ನಿಲ್ಲಂಗಿಲ್ಲ ಬಿಡು," ಎಂದರು. ತುತ್ತು ಕಲಸುತ್ತ ಕೈಯನ್ನು ಒಮ್ಮೆ ನೋಡಿಕೊಂಡರು. "ಹಂಗಾದ್ರ ಅದನ್ನ ತರೂಣು."

ನನಗೆ ಒಳಗೇ ನಗೆ ಬಂತು. ಹಳ್ಳಕ್ಕೆ ಬಿದ್ದರು ಎಂದುಕೊಂಡೆ.

ಗುರುಬಸಯ್ಯನವರು ಬಂದದ್ದು ಗಿರಣಿಗೆ ರಜೆಯಿದ್ದ ಅಮಾವಾಸ್ಯೆಯ ಮಧ್ಯಾಹ್ನ. ಚಾಪೆ ಹಾಸಿ, ಮಣೆ ಒರೆಸಿ, ಅವತ್ತೇ ತಂದ ಎಂಜಿನ್ನನ್ನು ಪಕ್ಕದಲ್ಲಿ ಇಟ್ಟೆವು. ಗುರುಬಸಯ್ಯನವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ಶುರುವಾಗಲಿ ಎಂದು ಕೈ ಮಾಡಿದರು. ಅದು ಸ್ವಲ್ಪ ಹೊತ್ತು ಗೊಣಗಿ, ಆಮೇಲೆ ಹಾಜರಿ ಕೂಗುವ ಮಾಸ್ತರರ ಧ್ವನಿಯಲ್ಲಿ ಓದತೊಡಗಿತು. ಮೊದಲ ಮೂರಾಟ ನಾನು ಗೆದ್ದದ್ದು. ಗುರುಬಸಯ್ಯನವರು ಹುಬ್ಬು ಏರಿಸಿ ನಮ್ಮವರ ಮುಖ ನೋಡಿದರು. ನಾಲ್ಕನೆಯದಕ್ಕೆ ಎಂಜಿನ್ನು ಹೇಳಿತು:

"ಹೆಂಗಸಿನ ಕೈ ಕುದುರೆಯ ಮೇಲೆ ನಿಂತಿತು. ಗೆಲುವು ಕಂಡಿತು. ಬಿಟ್ಟರು."

ಐದನೆಯದಕ್ಕೂ ಅದೇ. "ಕಂಡಿತು. ಬಿಟ್ಟರು." ಆರನೆಯದಕ್ಕೂ, ಏಳನೆಯದಕ್ಕೂ. ಒಂದೇ ಆಟದಲ್ಲಿ ಎರಡೆರಡು ಸಲ ಕಂಡದ್ದು, ಎರಡೂ ಸಲ ಬಿಟ್ಟದ್ದು. ನಮ್ಮವರ ಮುಖದಿಂದ ರಕ್ತ ಇಳಿದು ಹೋಯಿತು. ಗುರುಬಸಯ್ಯನವರು ಜಗಿಯುವುದನ್ನು ನಿಲ್ಲಿಸಿದರು. ನನಗೆ ಎಷ್ಟು ಸುಖವಾಯಿತೆಂದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಮಗಳನ್ನು ಹೆತ್ತಾಗಲೂ ಅಷ್ಟು ಸುಖವಾಗಿರಲಿಲ್ಲ. ಯಾರೋ ನನ್ನ ಬಾಣಂತನದ ಕಾಲದ ಆಟವನ್ನು ಓದುತ್ತಿದ್ದಾರೆ, ಮೈಯಲ್ಲಿ ಶಕ್ತಿ ಇಲ್ಲದಾಗಲೂ ನನಗೆ ಕಂಡಿತ್ತು, ಬಿಟ್ಟಿದ್ದೆ, ಅದನ್ನು ಮೂರು ಜನರ ಎದುರು ಗಟ್ಟಿಯಾಗಿ ಹೇಳುತ್ತಿದ್ದಾರೆ. ಸೆರಗಿನಿಂದ ಕಣ್ಣು ಒತ್ತಿಕೊಂಡೆ. ನಮ್ಮವರು ನೋಡಲಿ ಎಂದೇ ಒತ್ತಿಕೊಂಡೆ.

ಅತ್ತೆ ತೀರಿಕೊಂಡ ವರ್ಷದ ಆಟಗಳು ಬಂದಾಗ ನಡುವೆ ಒಂದು ಹೊಸ ಮಾತು ಕೇಳಿತು.

"ಕೈ ನಿಲ್ಲಲಿಲ್ಲ. ಕಾಣಲಿಲ್ಲ."

ಅದೊಂದು ಎಲ್ಲೋ ಕಣ್ತಪ್ಪಿದ್ದು ಎಂದುಕೊಂಡೆ. ಮುಂದಿನ ನಾಲ್ಕು ಆಟ ಮತ್ತೆ "ಕಂಡಿತು, ಬಿಟ್ಟರು". ಆಮೇಲೆ "ಕಾಣಲಿಲ್ಲ". ಮಗಳು ಶಾಲೆಗೆ ಹೋಗುವ ಹೊತ್ತಿಗೆ ಎರಡೂ ಅರ್ಧ ಅರ್ಧವಾದವು. ಆಕೆ ದೊಡ್ಡವಳಾಗುವ ಹೊತ್ತಿಗೆ ಕಂಡದ್ದು ಅಲ್ಲೊಂದು ಇಲ್ಲೊಂದು. ಹೊತ್ತು ಇಳಿಯುತ್ತ ಬಂತು, ಎಂಜಿನ್ನು ಅದೇ ಧ್ವನಿಯಲ್ಲಿ ಓದುತ್ತಲೇ ಇತ್ತು. ಕಾಣಲಿಲ್ಲ. ಕಾಣಲಿಲ್ಲ. ಕಾಣಲಿಲ್ಲ. ಕಳೆದ ಎಷ್ಟೋ ವರ್ಷದ ಆಟಗಳಲ್ಲಿ ಒಂದೇ ಒಂದು ಕಡೆಯೂ ನನ್ನ ಕೈ ನಿಂತಿರಲಿಲ್ಲ.

"ಸುಳ್ಳು ಹೇಳ್ತೈತಿ," ಎಂದೆ. "ಅವೂ ನಾನ ಬಿಟ್ಟದ್ದು. ರೂಢಿ ಆಗಿತ್ರಿ ಅಜ್ಜಾರ. ನಿಲ್ಲೂದು ಬೇಕಾಗತಿರಲಿಲ್ಲ."

"ಇದ್ದೀತವ್ವ," ಎಂದರು ಗುರುಬಸಯ್ಯನವರು. ಒಳ್ಳೆಯ ಮನುಷ್ಯ, ವಾದ ಮಾಡಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ಎಲೆಯಡಿಕೆ ಉಗಿದು ಬಂದರು. "ನಿನ್ನಂಥ ಕೈ ಈ ಊರಾಗ ಇತ್ತು ಅನ್ನೂದು ನನಗ ಇವತ್ತ ತಿಳೀತು. ಮೊದಲ ತಿಳಿದಿದ್ರ ಕರಕೊಂಡು ಹೋಗಿ ಕಟ್ಟಿ ಮ್ಯಾಲ ಕುಂದರಸತಿದ್ದೆ. ಆದ್ರ ಕಟ್ಟೀಗೆ ಈಗ ಆಡವರು ಬೇಕು. ಈಗ ಆಡವನು ಈರಸಂಗಪ್ಪ."

ಹಾಗೆ ಆ ಜಾಗ ನಮ್ಮವರಿಗೆ ಹೋಯಿತು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಹಾಲವ್ವ ನೀರಿಗೆ ಬಂದವಳು ಕೊಡ ಕೆಳಗಿಟ್ಟು, "ಕುಣಿಯಲಾರದಾಕಿ ನೆಲ ಡೊಂಕು ಅಂದಳಂತ," ಎಂದು ಇನ್ಯಾರಿಗೋ ಹೇಳುವಂತೆ ನನಗೆ ಹೇಳಿದಳು. ಮೊದಲ ನಡೆ ನಡೆಸಲಾರದ ಮನೆಯವಳಿಂದ ಆ ಮಾತು ಕೇಳಬೇಕಾಯಿತು.

ನಮ್ಮವರು ಕುಣಿದಾಡಲಿಲ್ಲ. ಗಿರಣಿಯ ಜಗಲಿಯ ಮೇಲೆ ಕೂತು, ಉಗುರಿನ ಸಂದಿನ ಹಿಟ್ಟು ಕೆರೆದುಕೊಳ್ಳುತ್ತಿದ್ದರು. ನಾನು ಚಹಾ ತಂದಿಟ್ಟೆ.

"ಯಾಕ ಬಿಟ್ಟಿ?" ಎಂದರು.

"ನೀವು ಉಣ್ಣಲಿಲ್ಲಲ್ಲ."

"ಎಂದು?"

"ಲಗ್ನ ಆದ ಹೊಸದಾಗ. ಮೂರನೇ ಆಟ ಸೋತ ದಿವಸ. ಗಿರಣ್ಯಾಗ ಬಾಗಿಲ ಹಾಕ್ಕೊಂಡ ಕುಂತಿರಿ."

ಅವರು ನನ್ನನ್ನೇ ನೋಡಿದರು. ನೆನಪಾಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. "ಸೋತಾಗ ಹಸಿವು ಆಗಂಗಿಲ್ಲ ನೀಲಾ. ಎರಡ ದಿನ ಬಿಟ್ಟ್ರ ಆಗತೈತಿ," ಎಂದರು. ಆಮೇಲೆ ಇನ್ನೂ ಮೆಲ್ಲಗೆ ಹೇಳಿದರು. "ನಿನ್ನ ಕೈ ನಿಲ್ಲೂದು ನಾ ನೋಡ್ತಿದ್ದೆ. ಅಂಜತಾಳ ಅನಕೊಂಡಿದ್ದೆ. ಎಲ್ಲಿ ನಿಂತಿತ್ತೋ ಅಲ್ಲಿ ಏನೋ ಐತಿ ಅಂತ ಮರುದಿನ ಕಲ್ಲಿನ ಮುಂದ ನಿಂತು ವಿಚಾರ ಮಾಡತಿದ್ದೆ. ನಾ ಕಲತದ್ದೆಲ್ಲಾ ಹಂಗ."

ನಾನು ಬಿಟ್ಟುಕೊಟ್ಟದ್ದೆಲ್ಲ ನನ್ನ ಗಂಟಿನಲ್ಲಿದೆ ಎಂದು ನಾನು ತಿಳಿದಿದ್ದೆ. ಅದನ್ನು ಅವರು ಮರುದಿನವೇ ಎತ್ತಿಕೊಂಡು ಹೋಗಿ ಬೀಸಿ, ಉಂಡು, ಮೈಗೂಡಿಸಿಕೊಂಡಿದ್ದರು. ಕದ್ದರು ಎನ್ನುವ ಹಾಗೂ ಇರಲಿಲ್ಲ. ನಾನು ತಾನೇ ಬಿಟ್ಟಿದ್ದು. ಮೈಯೆಲ್ಲ ಉರಿಯಿತು, ಅತ್ತೆಯ ಮೇಲೆ, ಇವರ ಮೇಲೆ, ಎರಡು ದಿನ ಕಾಯದೇ ಹೋದ ನನ್ನ ಮೇಲೆ.

ಆದರೂ ಒಂದು ಆಸೆ ಉಳಿದಿತ್ತು. ಎಂಜಿನ್ನು ಓದುವುದು ಆಡಿದ್ದನ್ನು. ಆಡದೆ ಒಳಗೆ ಇಟ್ಟುಕೊಂಡದ್ದನ್ನು ಅದು ಹೇಗೆ ಓದುತ್ತದೆ? ನಿಜವಾಗಿ ಗೆಲ್ಲಬೇಕೆಂದು ಕೂತರೆ ಬಂದೇ ಬರುತ್ತದೆ, ಅಪ್ಪ ಕಲಿಸಿದ್ದು ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ಮರುದಿನ ಗಿರಣಿ ಮುಚ್ಚಿದ ಮೇಲೆ ಕೈಕಾಲು ತೊಳೆದು, ಕಾಯಿ ಜೋಡಿಸಿ, ಅವರಿಗಾಗಿ ಕಾದೆ.

"ಇವತ್ತ ನಾ ಬಿಡಂಗಿಲ್ರಿ," ಎಂದೆ. "ನೀವೂ ಬಿಡಬ್ಯಾಡ್ರಿ."

"ಆತು," ಎಂದರು.

ಆಡಿದೆವು. ಹೊರಗೆ ಇನ್ನೂ ಬಿಸಿಲಿತ್ತು, ಬಾಗಿಲಿನಿಂದ ಬೆಳಕು ಮಣೆಯ ಅರ್ಧದವರೆಗೆ ಬಿದ್ದಿತ್ತು. ನಾನು ಒಂದೊಂದು ನಡೆಗೂ ನಿಂತು ನೋಡಿದೆ. ಮೊದಮೊದಲು ಚೆನ್ನಾಗಿಯೇ ಇತ್ತು, ಅವರ ಒಂದು ಕಾಲಾಳನ್ನೂ ತೆಗೆದುಕೊಂಡೆ, ಎದೆ ಹಗುರವಾಯಿತು. ಅವರೂ ಈ ಸಲ ತಮ್ಮ ನಡೆಗೆ ಹೊತ್ತು ತೆಗೆದುಕೊಳ್ಳುತ್ತಿದ್ದರು. ನಡು ಆಟದಲ್ಲಿ ನನ್ನ ಕುದುರೆಯನ್ನು ಅವರ ಆನೆಯ ಎದುರಿನ ಮನೆಗೆ ತಂದಿಟ್ಟೆ. ಬಹಳ ಯೋಚಿಸಿಯೇ ಇಟ್ಟೆ. ಅಲ್ಲಿಂದ ಅದು ಎರಡು ಕಡೆಗೆ ಹೊಡೆಯುತ್ತಿತ್ತು.

ಅವರು ಕಾಯಿ ಎತ್ತಲಿಲ್ಲ. ಮಣೆ ನೋಡಿದರು, ನನ್ನನ್ನು ನೋಡಿದರು.

"ಅದನ್ನ ವಾಪಸ್ ತಗೋ," ಎಂದರು. "ಇನ್ನೊಮ್ಮೆ ನೋಡು."

"ಯಾಕ?"

"ಅಲ್ಲಿ ಗೆಲುವು ಐತಿ ನೀಲಾ. ನಿಂದ. ಅದ ಕುದುರಿಯಿಂದ. ನೋಡು."

ಅಣಕಿಸುತ್ತಿರಲಿಲ್ಲ. ಅಣಕಿಸಿದ್ದರೆ ಚೆನ್ನಾಗಿತ್ತು. ಕೂಸಿಗೆ ನಡಿಗೆ ಕಲಿಸುವವರ ಹಾಗೆ ಮುಂದಕ್ಕೆ ಬಾಗಿ ಕೂತಿದ್ದರು, ನನಗೆ ಕಾಣಲಿ ಎಂದು ನಿಜವಾಗಿ ಬಯಸುತ್ತಿದ್ದರು. ನಾನು ಕುದುರೆಯನ್ನು ಹಿಂದಕ್ಕೆ ತಂದು ಅದರ ಹಳೆಯ ಮನೆಯಲ್ಲಿಟ್ಟೆ. ನೋಡಿದೆ. ಅದು ಹೋಗಬಹುದಾದ ಮನೆಗಳನ್ನೆಲ್ಲ ಒಂದೊಂದಾಗಿ ಕಣ್ಣಿನಿಂದ ಮುಟ್ಟಿದೆ. ರಾಜನನ್ನು ನೋಡಿದೆ, ಅವನ ಸುತ್ತಲಿನ ಕಾಲಾಳುಗಳನ್ನು ನೋಡಿದೆ. ಒಮ್ಮೆ ಏನೋ ಕಂಡ ಹಾಗಾಯಿತು, ಏನೂ ಅಲ್ಲ. ಬಾಗಿಲಿನ ಬೆಳಕು ಮಣೆಯಿಂದ ಇಳಿದು ಚಾಪೆಗೆ ಹೋಗುವವರೆಗೆ ನೋಡಿದೆ, ಎಲ್ಲ ಮನೆಯೂ ಒಂದೇ ಥರ ಇದ್ದವು. ಅವರು ಕಾಯುತ್ತಿದ್ದರು.

ಕೊನೆಗೆ ಕುದುರೆಯನ್ನು ಎತ್ತಿ, ಮೊದಲು ಇಟ್ಟಿದ್ದ ಮನೆಯಲ್ಲೇ ಇಟ್ಟೆ.

"ಇದ ಇರಲಿ," ಎಂದೆ.

ಅವರು ತಲೆ ತಗ್ಗಿಸಿ, ಆನೆಯಿಂದ ಅದನ್ನು ಹೊಡೆದರು.